ಹೊಂಬಾಳಮ್ಮನ ಹೂಂ

ನಮ್ಮೂರಿಗೆ ಬಂದರೆ ನೀವು ಮೊದಲು ಗಮನಿಸುವುದು ಬಾಯಿಗಳನ್ನು. ಎಲ್ಲರ ಬಾಯಲ್ಲೂ ಏನಾದರೊಂದು ಇದ್ದೇ ಇರುತ್ತದೆ. ಎಲೆಅಡಿಕೆ, ಕಡಲೆಬೀಜ, ಪೆಪ್ಪರಮೆಂಟು, ಏನೂ ಸಿಗದಿದ್ದರೆ ಸೆರಗಿನ ಚುಂಗು. ಇದು ಬಾಯಿಚಪಲವಲ್ಲ, ಎಚ್ಚರಿಕೆ. ಇಲ್ಲಿ ಒಬ್ಬರು ತಮ್ಮ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಬಿಟ್ಟು ಹೇಳಿ, ಕೇಳಿದವರು ಕೊನೆಯಲ್ಲಿ 'ಹೂಂ' ಅಂದುಬಿಟ್ಟರೆ ಮುಗಿಯಿತು. ಹೇಳಿದವರ ಕೆಲಸ ಕೇಳಿದವರಿಗೆ, ಕೇಳಿದವರ ಕೆಲಸ ಹೇಳಿದವರಿಗೆ, ಮದುವೆ ಛತ್ರದ ಬಾಗಿಲಲ್ಲಿ ಚಪ್ಪಲಿ ಅದಲುಬದಲಾದ ಹಾಗೆ. ಚಪ್ಪಲಿಯಾದರೆ ಕಾಲಿಗೆ ಹಿಡಿಸದೇ ಹೋಗಬಹುದು, ಕೆಲಸ ಮಾತ್ರ ಬಂದ ಕ್ಷಣವೇ ಕೈಗೆ ಸರಿಯಾಗಿ ಕೂತುಬಿಡುತ್ತದೆ. ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದವನು ಮಧ್ಯಾಹ್ನ ಕೋರ್ಟಿನಲ್ಲಿ ಜೋರಾಗಿ ವಾದ ಮಾಡುತ್ತಿರುತ್ತಾನೆ, ವಕೀಲರು ಕಾವಲಿಗೆ ಎಣ್ಣೆ ಸವರುತ್ತಾ ನಿಂತಿರುತ್ತಾರೆ. ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಚಟ್ನಿ ಸ್ವಲ್ಪ ಖಾರವಾಯಿತು ಎಂದು ಗೊಣಗಬಹುದು, ಅಷ್ಟೆ.

ಹಾಗಾಗಿ ಕೆಲಸದ ಮಾತು ಬಂದರೆ ನಮ್ಮವರು ಎಲ್ಲವನ್ನೂ ಹೇಳಿ ಕೊನೆಯದೊಂದನ್ನು ನುಂಗಿಕೊಳ್ಳುತ್ತಾರೆ. ಟೈಲರು ಅಳತೆ, ಕತ್ತರಿ, ಹೊಲಿಗೆ ಎಲ್ಲ ಹೇಳಿ ಗುಂಡಿಯ ವಿಷಯ ಎತ್ತುವುದಿಲ್ಲ. ಮೇಷ್ಟರು ಪಾಠದವರೆಗೆ ಬಂದು ಗಂಟೆ ಹೊಡೆಯುವ ಮೊದಲೇ ನಿಲ್ಲಿಸುತ್ತಾರೆ. ಕೆಲಸ ಬೇಸರವಾದವರು ಮಾತ್ರ ಪೂರ್ತಿ ಹೇಳಲು ಒಂದು ಕಿವಿ ಹುಡುಕುತ್ತಾ ತಿರುಗುತ್ತಾರೆ. ಅಂಥವರನ್ನು ಕಂಡ ಕೂಡಲೇ ಉಳಿದವರು ಜೇಬಿನಿಂದ ಕಡಲೆಬೀಜ ತೆಗೆಯುತ್ತಾರೆ.

ಇಂಥ ಊರಿನಲ್ಲಿ ಹೊಂಬಾಳಮ್ಮನಂಥವಳು ಹುಟ್ಟಬಾರದಿತ್ತು. ಅವಳನ್ನು ಸಾಕಿದ ಅಜ್ಜಿ ಹೊರಗಿನಿಂದ ಬಂದವಳು. ನಮ್ಮ ಮಕ್ಕಳು ಕಥೆ ಕೇಳುವಾಗ ಹೂಂ ಅನ್ನುವ ಬದಲು ಚಪ್ಪಾಳೆ ತಟ್ಟುತ್ತಾರೆ. ಆ ಅಜ್ಜಿಗೆ ಮಾತ್ರ ಮಾತಿಗೊಂದು ಹೂಂ ಬೇಕೇ ಬೇಕು, ಇಲ್ಲದಿದ್ದರೆ ರಾಜಕುಮಾರಿಯನ್ನು ರಾಕ್ಷಸನ ಬಾಯಲ್ಲೇ ಬಿಟ್ಟು ಮಗ್ಗುಲಾಗಿ ಮಲಗಿಬಿಡುತ್ತಿದ್ದಳು. ರಾಜಕುಮಾರಿಯನ್ನು ಉಳಿಸಿ ಉಳಿಸಿ ಹುಡುಗಿಗೆ ಹೂಂ ಅಭ್ಯಾಸವಾಯಿತು. ದೊಡ್ಡವಳಾದ ಮೇಲೂ ಹೋಗಲಿಲ್ಲ. ಎದುರಿಗೆ ಯಾರಾದರೂ ಮನಸ್ಸಿಟ್ಟು ಮಾತಾಡಿದರೆ ಸಾಕು, ತಡೆಯುವುದರೊಳಗೆ ಹೂಂ ಬಂದುಬಿಡುತ್ತಿತ್ತು.

ಊರಿಗೆ ಇದು ಬಹಳ ಅನುಕೂಲವಾಯಿತು. ಯಾರಿಗೆ ಯಾವ ಕೆಲಸ ಸಾಕಾದರೂ ಹೊಂಬಾಳಮ್ಮನ ಜಗಲಿಗೆ ಬಂದು ಕೂತರು. ಇಸ್ತ್ರಿ ಪೆಟ್ಟಿಗೆ ಅವಳ ಕೈಗೆ ಬಂತು, ಅದು ಆರುವ ಮೊದಲೇ ಅಂಚೆ ಚೀಲ ಬಂತು, ಅಲ್ಲಿಂದ ಬ್ಯಾಂಡ್ ಸೆಟ್ಟಿನ ದೊಡ್ಡ ಡೋಲು, ಸರ್ಕಲ್ಲಿನ ಪೊಲೀಸ್ ಸೀಟಿ, ಸುಣ್ಣ ಬಳಿಯುವುದು, ಇಟ್ಟಿಗೆ ಸುಡುವುದು, ಹಲ್ಲು ಕೀಳುವುದು. ಅವಳ ಮನೆಯ ಎದುರಿಗೇ ನನ್ನ ಸೈಕಲ್ ಅಂಗಡಿ ಇದ್ದದ್ದರಿಂದ ಇದೆಲ್ಲ ನನಗೆ ದಿನಾ ಪುಕ್ಕಟೆ ನಾಟಕ. ಒಂದು ದಿನ ಅವಳು ನನ್ನ ಹತ್ತಿರ ಅತ್ತೇಬಿಟ್ಟಳು. "ನಂದು ಅಂತ ಒಂದು ಕೆಲಸ ಇಲ್ವಲ್ಲೋ ಚಲುವ. ಬರೋದೆಲ್ಲಾ ಯಾರೋ ಬೇಡ ಅಂದಿದ್ದೇ" ಎಂದಳು. ನಾನು ಸೈಕಲ್ ಟ್ಯೂಬನ್ನು ನೀರಿಗೆ ಅದ್ದುತ್ತಾ ಸುಮ್ಮನಿದ್ದೆ. ಬಾಯಿ ತುಂಬ ಎಲೆಅಡಿಕೆ ಇತ್ತು.

ಅವಳ ಅದೃಷ್ಟ ತಿರುಗಿದ್ದು ಹಲ್ಲು ಕೀಳುವ ಕೆಲಸದಲ್ಲಿದ್ದಾಗ. ಊರಿನಲ್ಲಿ ಆಟೋಗೆ ಮೈಕು ಕಟ್ಟಿಕೊಂಡು ಸುದ್ದಿ ಸಾರುವ ಚಿಕ್ಕಣ್ಣ ಎಂಬುವರಿದ್ದರು. ದವಡೆ ಹಲ್ಲು ನೋವೆಂದು ಬಂದವರು, ನೋವು ಮರೆಯಲು ತಮ್ಮ ಕೆಲಸವನ್ನೆಲ್ಲ ಬಡಬಡನೆ ಒದರಿದರು. ಹೊಂಬಾಳಮ್ಮ ಇಕ್ಕಳದಲ್ಲಿ ಹಲ್ಲು ಹಿಡಿದುಕೊಂಡೇ ಹೂಂ ಅಂದಳು. ಅಷ್ಟಕ್ಕೇ ಇಕ್ಕಳ ಹಿಡಿಯುವುದು ಹೇಗೆಂದು ಅವಳಿಗೆ ಮರೆತುಹೋಯಿತು, ಚಿಕ್ಕಣ್ಣನವರಿಗೆ ತಿಳಿದುಹೋಯಿತು. ಪಾಪ, ಕನ್ನಡಿ ತರಿಸಿಕೊಂಡು ತಮ್ಮ ಹಲ್ಲನ್ನು ತಾವೇ ಕಿತ್ತುಕೊಂಡರು. ಇವಳು ಹೊರಗೆ ಬಂದು ಆಟೋ ಹತ್ತಿ, ಮೈಕು ತೆಗೆದು, "ಮಹಾಜನಗಳೇ" ಅಂದಳು.

ಆ ಒಂದು ಮಾತಿಗೆ ಬೀದಿಯ ನಾಯಿಗಳೂ ಬೊಗಳುವುದನ್ನು ನಿಲ್ಲಿಸಿದವು. ಅವಳೇ ಬೆಚ್ಚಿ ಮೈಕಿನ ಹಿಂದೆ ಮುಂದೆ ನೋಡಿದಳಂತೆ, ಈ ದನಿ ಯಾರದು ಎಂದು. ಅಂದಿನಿಂದ ಅವಳ ಠೀವಿಯೇ ಬೇರೆ. ದನಿಯ ಬಗ್ಗೆ ಜಂಬ ಬಂತು, ಗಂಟಲಿಗೆ ಮಫ್ಲರ್ ಬಂತು. ಯಾರಾದರೂ ಜಗಲಿಗೆ ಬಂದು "ನನ್ನ ಕೆಲಸ ಏನಪ್ಪಾ ಅಂದ್ರೆ" ಎಂದು ಶುರುಮಾಡಿದರೆ ಬಾಯಿಗೆ ಉಪ್ಪುನೀರು ಹಾಕಿಕೊಂಡು ಗಳಗಳ ಮಾಡುತ್ತಾ ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ತನ್ನ ಕೆಲಸವನ್ನು ಮಾತ್ರ ಯಾರಿಗೂ ಅರ್ಧ ಕೂಡ ಹೇಳಲಿಲ್ಲ. ಆಟೋ ಓಡಿಸುವ ಮುನೀರಣ್ಣ ಕೇಳಿದರೂ "ನೀವು ಗೇರು ನೋಡ್ಕೊಳ್ಳಿ" ಅನ್ನುತ್ತಿದ್ದಳು. ಇಷ್ಟು ವರ್ಷಕ್ಕೆ ಅವಳಿಗೆ ತನ್ನದೆನ್ನುವ ಕೆಲಸ ಸಿಕ್ಕಿತ್ತು.

ಅದಕ್ಕೇ ಕಲ್ಲು ಬಿತ್ತು. ಪುರಸಭೆ ಅಧ್ಯಕ್ಷ ತೋಂಟಾರಾಧ್ಯರು ಒಂದು ಬೆಳಿಗ್ಗೆ ಅವಳನ್ನು ಕಚೇರಿಯ ಅಂಗಳಕ್ಕೆ ಕರೆಸಿದರು. ಗರಿಗರಿ ಪಂಚೆ, ಭುಜದ ಮೇಲೆ ಜರಿ ಶಲ್ಯ, ನಗದ ಮುಖ. ಕೆಟ್ಟವರೇನಲ್ಲ, ಆದರೆ ಊರಿನಲ್ಲಿ ಏನು ಕಂಡರೂ ಅದನ್ನು ತೆಗೆದು ಬೇರೆಯದನ್ನು ಹಾಕಬೇಕೆನ್ನುವ ಚಟ. "ನೋಡಮ್ಮ, ಮುಂದಿನ ವಾರದಿಂದ ಕಂಬಕ್ಕೆಲ್ಲಾ ಹಾರ್ನು ಕಟ್ಟಿಸ್ತೀನಿ. ನನ್ನ ಭಾವಮೈದ ಒಂದೇ ಸಲ ಎಲ್ಲಾ ರೆಕಾರ್ಡ್ ಮಾಡಿಕೊಡ್ತಾನೆ. ನೀರು ಬಂದ್ರೆ ನೀರಿನ ಗುಂಡಿ ಒತ್ತೋದು, ಕರೆಂಟ್ ಹೋದ್ರೆ ಕರೆಂಟಿನ ಗುಂಡಿ. ನಿನ್ನ ಆಟೋ ಇನ್ನು ಬೇಡ" ಎಂದರು.

"ಮತ್ತೆ ನನ್ನ ಕೆಲಸ?" ಎಂದಳು ಹೊಂಬಾಳಮ್ಮ.

"ಅದ್ರಲ್ಲೇನಮ್ಮ ಇದೆ ಕೆಲಸ? ಕಿರುಚೋದು ತಾನೆ?"

ಅವಳು ಸೀದಾ ಬಂದು ಆಟೋದಲ್ಲಿ ಕೂತಳು. ಮುಖ ಕೆಂಡವಾಗಿತ್ತು. "ಹೊರಡು" ಎಂದಳು. ಮುನೀರಣ್ಣ ಹೊರಟರು. ಸಂತೆಬೀದಿ ತಿರುಗುವಷ್ಟರಲ್ಲಿ ಅವಳ ಸಹನೆಯ ಕಟ್ಟೆ ಒಡೆಯಿತು. ಮೈಕಿನ ಗುಂಡಿಯನ್ನು ಪೂರ್ತಿ ತಿರುಗಿಸಿ ಶುರುಮಾಡಿದಳು. ಏನು ಮಾಡುತ್ತಿದ್ದೇನೆಂಬ ಪರಿವೆ ಅವಳಿಗಿರಲಿಲ್ಲ, ನಮಗೂ ಇರಲಿಲ್ಲ.

"ಮಹಾಜನಗಳೇ, ಅಧ್ಯಕ್ಷರು ಕೇಳ್ತವ್ರೆ, ಏನಿದೆ ಕೆಲಸ ಅಂತ. ಕೇಳ್ರಪ್ಪಾ, ಏನಿದೆ ಅಂತ. ಬೆಳಿಗ್ಗೆ ಎದ್ದು ಉಪ್ಪುನೀರಲ್ಲಿ ಗಂಟಲು ತೊಳೀಬೇಕು. ಗಾಳಿ ಯಾವ ಕಡೆಯಿಂದ ಬೀಸ್ತಾ ಅದೆ ನೋಡಿ, ಯಾವ ಬೀದಿ ಮೊದ್ಲು ಅಂತ ತೀರ್ಮಾನ ಮಾಡ್ಬೇಕು. ನೀರು ಬಿಡ್ತಾರೆ ಅನ್ನೋವಾಗ ನಗ್ತಾ ಹೇಳ್ಬೇಕು, ಕೊಡ ಹಿಡ್ಕೊಂಡು ಓಡೋರಿಗೆ ಹುರುಪು ಬರ್ಬೇಕು. ಕರೆಂಟ್ ಹೋಗುತ್ತೆ ಅನ್ನೋವಾಗ ತಪ್ಪೆಲ್ಲಾ ನಂದೇ ಅನ್ನೋ ಹಂಗೆ ಹೇಳ್ಬೇಕು, ಬೈಯೋರಿಗೂ ಒಬ್ಬರು ಬೇಕಲ್ಲ. ಯಾರಾದ್ರೂ ತೀರ್ಕೊಂಡ್ರೆ ಆ ಬೀದೀಲಿ ಮೈಕ್ ಆಫ್ ಮಾಡಿ, ಇಂಜಿನ್ನೂ ಆಫ್ ಮಾಡಿ, ಆಟೋ ತಳ್ಕೊಂಡು ಹೋಗ್ಬೇಕು. ಮಗು ತಪ್ಪಿಸ್ಕೊಂಡ್ರೆ ಅದನ್ನ ಹೆದರಿಸಬಾರ್ದು. ನಿಮ್ಮಮ್ಮ ಆಟೋದಲ್ಲೇ ಕೂತವ್ಳೆ ಕಣಪ್ಪಾ, ಒಂಚೂರೂ ಕೋಪ ಇಲ್ಲ ಅಂತ ಕೂಗ್ಬೇಕು, ಬಚ್ಚಿಟ್ಕೊಂಡ ಮಗು ತಾನೇ ಈಚೆ ಬರುತ್ತೆ. ಸಾಯಂಕಾಲ ಎಲ್ಲಾ ಮುಗಿದ್ಮೇಲೆ, ಹೇಳೋಕೆ ಏನೂ ಇಲ್ಲದಿದ್ರೂ ಒಂದು ಸುತ್ತು ಹೋಗ್ಬೇಕು. ಮಹಾಜನಗಳೇ, ಇವತ್ತು ಇನ್ನೇನೂ ಇಲ್ಲ, ಅಂತ ಹೇಳ್ಬೇಕು. ಅದನ್ನ ಕೇಳಿದ್ಮೇಲೇ ಈ ಊರು ನಿರಾಳವಾಗಿ ಉಣ್ಣೋದು."

ಅಷ್ಟೊಂದು ಚೆನ್ನಾಗಿ ಹೇಳಬಾರದಾಗಿತ್ತು. ಸಂತೆಬೀದಿ, ಕೋಟೆಬೀದಿ, ಕಚೇರಿ, ಆಸ್ಪತ್ರೆ, ಎಲ್ಲೆಡೆ ಜನ ಕೈಕೆಲಸ ಬಿಟ್ಟು ಕೇಳುತ್ತಾ ನಿಂತಿದ್ದರು. ಬಾಯಲ್ಲಿದ್ದ ಕಡಲೆಬೀಜ ಅಗಿಯುವುದು ಮರೆತು ನುಂಗಿದ್ದರು. ನಾನು ಎಲೆಅಡಿಕೆಯನ್ನು ಯಾವಾಗ ಉಗಿದೆನೋ ನನಗೇ ತಿಳಿಯದು. ಮುಗಿದ ಕೂಡಲೇ ಊರಿಗೆ ಊರೇ, ಒಂದೇ ಉಸಿರಿಗೆ, ಹೂಂ ಅಂದಿತು.

ಮೊದಲು ಆಟೋ ವಾಲಿತು. ಮುನೀರಣ್ಣನವರೂ ಹೂಂ ಅಂದಿದ್ದರಲ್ಲ, ಬ್ರೇಕು ಯಾವುದೆಂದು ಅವರಿಗೆ ಮರೆತುಹೋಗಿತ್ತು. ಹೊಂಬಾಳಮ್ಮ ಹಿಂದಿನಿಂದ ಬಗ್ಗಿ ಹ್ಯಾಂಡಲ್ ಹಿಡಿದು, ಟೊಮ್ಯಾಟೊ ಗಾಡಿಗೆ ಕೂದಲೆಳೆಯಷ್ಟು ಜಾಗ ಬಿಟ್ಟು ನಿಲ್ಲಿಸಿದಳು. ತನಗೆ ಆಟೋ ಓಡಿಸಲು ಬರುತ್ತದೆಂದು ಬೆರಗಾಗುವಷ್ಟರಲ್ಲಿ ಟೊಮ್ಯಾಟೊ ತೂಗಲೂ ಬರುತ್ತದೆಂದು ತಿಳಿಯಿತು. ಆಮೇಲೆ ಪಂಕ್ಚರ್ ಹಾಕಲು, ಇಂಜೆಕ್ಷನ್ ಕೊಡಲು, ವಕಾಲತ್ತು ವಹಿಸಲು, ಬಳೆ ತೊಡಿಸಲು, ಬಸ್ಸು ರಿವರ್ಸ್ ತೆಗೆಯಲು. ಊರಿನ ಕೆಲಸವಷ್ಟೂ ಬಂದು ಅವಳೊಬ್ಬಳ ಕೈಯಲ್ಲಿ ಕೂತಿತ್ತು. ಅಧ್ಯಕ್ಷಗಿರಿ ಕೂಡ.

ಉಳಿದ ನಾವೆಲ್ಲ ಏನಾಗಿದ್ದೆವು? ಮೈಕಿನವರು! ಅಯ್ಯೋ, ಆ ಖುಷಿ ನಿಮಗೆ ಹೇಗೆ ಹೇಳಲಿ. ಎದೆಯಿಂದ ದನಿ ಉಕ್ಕಿ ಬರುತ್ತಿತ್ತು. ನಾನು ಸೈಕಲ್ ಪಂಪನ್ನು ಬಾಯಿಗೆ ಹಿಡಿದು ಬೀದಿಗೆ ಓಡಿದೆ. ಲೋಟ ಸಿಕ್ಕವರು ಲೋಟ ಹಿಡಿದರು, ಏನೂ ಇಲ್ಲದವರು ಬೊಗಸೆ ಮಾಡಿಕೊಂಡರು. "ಮಹಾಜನಗಳೇ, ನಮ್ಮ ಯಜಮಾನರು ಇವತ್ತೂ ಸ್ನಾನ ಮಾಡಿಲ್ಲ!" "ಮಹಾಜನಗಳೇ, ಸಾರು ಉಕ್ತಾ ಅದೆ!" "ಮಹಾಜನಗಳೇ, ನಂಗೆ ಸೀನು ಬರೋ ಹಂಗದೆ, ಬರ್ತಾ ಅದೆ, ಹೋಯ್ತು!" ಎಲ್ಲಕ್ಕಿಂತ ಜೋರಾಗಿ ಕೇಳುತ್ತಿದ್ದದ್ದು ಅಧ್ಯಕ್ಷರ ದನಿ. ಜರಿ ಶಲ್ಯವನ್ನು ಕಿವಿಗೆ ಸುತ್ತಿಕೊಂಡು, ಮುನೀರಣ್ಣನವರ ಆಟೋವನ್ನು ತಾವೇ ತಳ್ಳಿಕೊಂಡು, ನಿಜವಾದ ಮೈಕನ್ನೇ ಹಿಡಿದಿದ್ದರು. "ಮಹಾಜನಗಳೇ, ಕೋಟೆಬೀದಿ ಕಾಳಮ್ಮನೋರ ಕರೀ ಮೇಕೆ ಕಾಣ್ತಾ ಇಲ್ಲ. ಮೇಕೇ, ನಿಂಗ್ಯಾರೂ ಬೈಯಲ್ಲ, ಬಾಮ್ಮಾ!" ಮೇಕೆ ಬಂದೇಬಿಟ್ಟಿತು. ತೋಂಟಾರಾಧ್ಯರು ನಕ್ಕದ್ದನ್ನು ಊರು ನೋಡಿದ್ದು ಅದೇ ಮೊದಲು.

ಹೊಂಬಾಳಮ್ಮನ ಪಾಡು ಕೇಳಬೇಡಿ. ಕ್ಷೌರದ ಮಾದಪ್ಪ ಅರ್ಧ ಗಡ್ಡ ಬೋಳಿಸಿ ಎದ್ದುಹೋಗಿದ್ದ, ಉಳಿದರ್ಧವನ್ನು ಅವಳು ಬೋಳಿಸಿದಳು. ಅಲ್ಲಿಂದ ಓಡಿ ಹೊಗೆಯಾಡುತ್ತಿದ್ದ ದೋಸೆ ಮಗುಚಿದಳು. ಬಸ್ಸು ರಸ್ತೆಗೆ ಅಡ್ಡ ನಿಂತಿತ್ತು, ಅದನ್ನು ಸ್ಟ್ಯಾಂಡಿಗೆ ತಂದು, ಇಳಿಯುವವರಿಗೆ ಟಿಕೆಟ್ಟನ್ನೂ ಹರಿದು, ಕಾಳಮ್ಮನ ಮೇಕೆಯ ಹಾಲು ಕರೆದು, ಆಸ್ಪತ್ರೆಗೆ ಹೋಗಿ ಒಂದು ಗಂಡುಮಗುವನ್ನು ಈ ಲೋಕಕ್ಕೆ ಬರಮಾಡಿಕೊಂಡಳು. ಹೊರಗಿದ್ದ ಅಪ್ಪನೇ ಮೈಕಿನವನಾಗಿದ್ದರಿಂದ ಸುದ್ದಿ ತಿಳಿಸುವ ತಾಪತ್ರಯ ಇರಲಿಲ್ಲ. ದಾರಿಯಲ್ಲಿ ನಡೆಯುತ್ತಲೇ ಅಧ್ಯಕ್ಷಳಾಗಿ ನಾಲ್ಕು ಜನರಿಗೆ ನಮಸ್ಕಾರ ಮಾಡಿದಳು. ಸುಸ್ತಾಗಲಿಲ್ಲವೇ ಎಂದು ಆಮೇಲೆ ಕೇಳಿದ್ದಕ್ಕೆ, "ಸುಸ್ತಾ? ಮೈಯೆಲ್ಲಾ ಝುಮ್ ಅಂತಿತ್ತು ಕಣೋ. ಆದ್ರೆ ಒಂದ್ಸಲ ಬಾಯಿ ತೆಗೆದು ಮಹಾಜನಗಳೇ ಅಂದೆ ನೋಡು, ಕೀರಲಾಗಿ ಬಂತು. ಆಗ ಎದೆ ಧಸಕ್ ಅಂತು" ಎಂದಳು. ಎಲ್ಲವೂ ಇತ್ತು, ಅವಳಿಗೆ ಬೇಕಾದ ಒಂದು ಮಾತ್ರ ಹೋಗಿತ್ತು.

ಅದು ವಾಪಸ್ಸು ಬರಬೇಕಾದರೆ ಒಂದೇ ದಾರಿ. ಒಬ್ಬೊಬ್ಬರಿಗೂ ಒಂದೊಂದು ಕೆಲಸ ಹೇಳಬೇಕು, ಅವರು ಹೂಂ ಅನ್ನಬೇಕು, ಅವರ ಬಳಿ ಇರುವ ಮೈಕಿನ ಕೆಲಸ ಹೊಂಬಾಳಮ್ಮನಿಗೆ ಬರಬೇಕು. ಆದರೆ ಊರಿನಲ್ಲಿ ಒಬ್ಬನೇ ಒಬ್ಬ ಮೈಕಿನವ ಉಳಿದರೂ ಅವನ ಕೈಯಲ್ಲಿ ಮೈಕು, ಇವಳ ಕೈಯಲ್ಲಿ ಹಂಚದೆ ಉಳಿದ ಕೆಲಸ, ಆ ದನಿ ಮಾತ್ರ ವಾಪಸ್ಸಿಲ್ಲ. ಮರುದಿನ ಬೆಳಿಗ್ಗೆ ಅವಳು ಸಂತೆಕಟ್ಟೆ ಹತ್ತಿ ಕೂತು ಎಲ್ಲರನ್ನೂ ಕರೆದಳು. ಬಂದೆವು, ಬಾಯಿಗೆ ಏನು ಹಿಡಿಸುತ್ತದೋ ಅಷ್ಟನ್ನೂ ತುರುಕಿಕೊಂಡು ಬಂದೆವು. ಯಾರಿಗೆ ಬೇಕಿತ್ತು ಹಳೇ ಕೆಲಸ!

ಅವಳು ಮೊದಲು ಮಾದಪ್ಪನನ್ನು ನೋಡಿದಳು. ಅವನ ಬಾಯಲ್ಲಿ ಇಡೀ ಬಾಳೆಹಣ್ಣಿತ್ತು. ಅವನಿಗೆ ಕ್ಷೌರದ ಕೆಲಸ ಹೇಳುತ್ತಾಳೆಂದು ನಾವು ಕಾದಿದ್ದರೆ, ಅವಳು ಬಸ್ಸಿನ ಮಾತು ತೆಗೆದಳು. "ಮಾದಪ್ಪಣ್ಣ, ಬೆಳಗಿನ ಬಸ್ಸು ಹೊರಡೋವಾಗ ಊರು ಇನ್ನೂ ಮಲಗಿರುತ್ತೆ. ಸ್ಟೇರಿಂಗ್ ತಣ್ಣಗಿರುತ್ತೆ. ತಿರುವಿನಲ್ಲಿ ಬಿಸಿಲು ಬೀಳುತ್ತಲ್ಲ, ಅದು ಮೊದ್ಲು ನಿನ್ನ ಮೇಲೇ ಬೀಳೋದು, ಆಮೇಲೆ ಕನ್ನಡೀಲಿ ನೋಡಿದ್ರೆ ಹಿಂದಿನ ಸೀಟಿನೋರ ಮುಖದ ಮೇಲೆ ಒಂದೊಂದಾಗಿ ಬೀಳುತ್ತೆ." ಅವಳು ಕೊನೆಯ ಸ್ಟಾಪಿಗೆ ಬರುವಷ್ಟರಲ್ಲಿ ಮಾದಪ್ಪನ ಕಣ್ಣಲ್ಲಿ ನೀರು. ಚಿಕ್ಕಂದಿನಿಂದ ಅವನಿಗೆ ಬಸ್ಸಿನ ಹುಚ್ಚೆಂದು ಊರಿಗೆಲ್ಲ ಗೊತ್ತಿದ್ದರೂ ಯಾರೂ ಅವನಿಗೆ ಪೂರ್ತಿ ಹೇಳಿರಲಿಲ್ಲ. ಬಾಳೆಹಣ್ಣು ಜಾರಿ ಬಿತ್ತು. ಹೂಂ ಅಂದ.

ಅಲ್ಲಿಂದ ಶುರುವಾಯಿತು ನೋಡಿ. ನರ್ಸಮ್ಮ ಲೂಸಿಯಾಗೆ ಅವರ ಕೆಲಸವನ್ನೇ ವಾಪಸ್ಸು ಹೇಳಿದಳು, ಹುಟ್ಟಿದ ಮಗು ಅಳುವ ಮೊದಲು ಕೋಣೆಯಲ್ಲಿರುವ ಆ ಮೌನದವರೆಗೂ, ಅಳು ಬಂದ ಮೇಲಿನ ನಗುವಿನವರೆಗೂ. ಅವರು ಬಾಯಿಗೆ ಕಟ್ಟಿದ್ದ ಬಟ್ಟೆಯೊಳಗಿಂದಲೇ ಹೂಂ ಅಂದರು. ವಕೀಲರಿಗೆ ದೋಸೆ ಹುಯ್ಯುವ ಕೆಲಸ ಕೊಟ್ಟಳು, ಅವರು ಸಿಕ್ಕಿದ ನೆಪದಲ್ಲೆಲ್ಲ ಆ ಕಾವಲಿಯ ಹತ್ತಿರ ಹೋಗಿ ನಿಲ್ಲುತ್ತಿದ್ದರೆಂದು ಅವಳು ಗಮನಿಸಿದ್ದಳು. ಮುನೀರಣ್ಣನವರು ಮೊದಲ ವಾಕ್ಯಕ್ಕೇ ಹೂಂ ಅಂದರು. "ಮುಗಿಯೋಗಂಟ ತಡ್ಕೊಳ್ಳಿ ಮುನೀರಣ್ಣಾ" ಎಂದು ಗದರಿ, ಆಟೋದ ಕಥೆ ಮುಗಿಸಿ, ಇನ್ನೊಂದು ಹೂಂ ಅನ್ನಿಸಿದಳು. ಯಾರಿಗೂ ಬೇಡವೆನಿಸಿದ ಕೆಲಸಗಳನ್ನೆಲ್ಲ ಹಿಂದೆ ತಾನೇ ಮಾಡಿದ್ದಳಲ್ಲ, ಯಾವ ಕೆಲಸದ ಯಾವ ಮೂಲೆಯಲ್ಲಿ ಸುಖವಿದೆಯೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನನಗೆ ಅವಳು ಕೊಟ್ಟದ್ದು ಊರಿನ ದೊಡ್ಡ ಗಡಿಯಾರಕ್ಕೆ ಕೀ ಕೊಡುವ ಕೆಲಸ. ಮೆಟ್ಟಿಲು ಹತ್ತಿ ಹೋಗಬೇಕು, ಪಾರಿವಾಳಗಳನ್ನು ಮಾತಾಡಿಸಬೇಕು, ಆಮೇಲೆ... ಬೇಡ, ಪೂರ್ತಿ ಹೇಳುವುದಿಲ್ಲ. ನೀವು ಒಳ್ಳೆಯವರ ಹಾಗೇ ಕಾಣುತ್ತೀರಿ, ಆದರೂ ಬೇಡ.

ಮಧ್ಯಾಹ್ನದ ಹೊತ್ತಿಗೆ ಒಬ್ಬರೇ ಉಳಿದಿದ್ದರು. ತೋಂಟಾರಾಧ್ಯರು ಆಟೋದಲ್ಲಿ ಮೈಕನ್ನು ಎದೆಗವಚಿಕೊಂಡು ಕೂತಿದ್ದರು. ಎರಡೂ ಕೆನ್ನೆ ಎಲೆಅಡಿಕೆಯಿಂದ ಉಬ್ಬಿತ್ತು. ಹೊಂಬಾಳಮ್ಮ ಅವರಿಗೆ ಅಧ್ಯಕ್ಷಗಿರಿಯನ್ನು ಬಣ್ಣ ಕಟ್ಟಿ ಹೇಳಿದಳು, ಹಾರ, ಕುರ್ಚಿ, ಧ್ವಜ, ಕಾರಿನ ಬಾಗಿಲು ತೆಗೆಯುವವರು. ಅವರು ಗೋಣು ಅಲ್ಲಾಡಿಸಿದರು, ಬಾಯಿ ತೆರೆಯಲಿಲ್ಲ. ಮತ್ತೆ ಹೇಳಿದಳು. ಮತ್ತೆ ಗೋಣು. ಅಧ್ಯಕ್ಷಗಿರಿಯಲ್ಲಿ ಸುಖದ ಮೂಲೆ ಎಲ್ಲಿದೆಯೆಂದು ಅವಳಿಗೇ ತಿಳಿಯಲಿಲ್ಲ. ಅವಳ ಮುಖ ಬಾಡಿದ್ದು ನಮಗೆಲ್ಲ ಕಂಡಿತು. ಊರಿಗೆಲ್ಲ ಬೇಕಾದ ಕೆಲಸ ಹಂಚಿದವಳು, ತನಗೆ ಬೇಡದ ಕುರ್ಚಿಯಲ್ಲಿ ಸಾಯುವವರೆಗೂ ಕೂರಬೇಕಾಗಿತ್ತು.

ಅವಳು ಕಟ್ಟೆಯಿಂದ ಇಳಿದು ಅವರ ಮುಂದೆ ಹೋಗಿ ನಿಂತಳು. ಸೊಂಟದ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡಿ. ನೀವೇ ಇಟ್ಕೊಳ್ಳಿ. ಅದ್ರಲ್ಲೇನಿದೆ ಕೆಲಸ? ಕಿರುಚೋದು ತಾನೆ?" ಎಂದಳು.

ತೋಂಟಾರಾಧ್ಯರು ಎಲೆಅಡಿಕೆಯಷ್ಟನ್ನೂ ಒಂದೇ ಸಲ ಉಗಿದರು. "ಏನಂದೆ? ಕಿರುಚೋದಾ?" ಅವರು ಎದ್ದುನಿಂತ ರಭಸಕ್ಕೆ ಆಟೋ ಅಲ್ಲಾಡಿತು. ಮುಂದೇನಾಗುತ್ತದೆಂದು ನಮಗೆಲ್ಲ ಹೊಳೆಯಿತು. ಮಾದಪ್ಪ ತನ್ನ ಬಸ್ಸನ್ನು ನೆನೆದು ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡ. ನಾನೂ ಮುಚ್ಚಿಕೊಂಡೆ. ಲೂಸಿಯಾ, ವಕೀಲರು, ಮುನೀರಣ್ಣ, ಸಂತೆಬೀದಿಯಲ್ಲಿ ನಿಂತ ಅಷ್ಟೂ ಜನ ಬಾಯಿ ಮುಚ್ಚಿಕೊಂಡೆವು.

"ಗಂಟಲು ತೊಳೀಬೇಕಮ್ಮ ಬೆಳಿಗ್ಗೆ ಎದ್ದು! ಗಾಳಿ ನೋಡ್ಬೇಕು! ನೀರಿನ ಸುದ್ದಿಗೆ ನಗಬೇಕು, ಕರೆಂಟಿನ ಸುದ್ದಿಗೆ ಬೈಸಿಕೊಳ್ಳಬೇಕು. ನಿನ್ನೆ ಅಗಸರ ಬೀದೀಲಿ ಒಬ್ಬರು ಹೋಗ್ಬಿಟ್ರು, ನಾನು ಮೈಕ್ ಆಫ್ ಮಾಡಿ ಉಸಿರು ಬಿಗಿಹಿಡಿದು ತಳ್ಳಿಕೊಂಡು ಹೋದೆ, ಗೊತ್ತಾ? ಮೇಕೆಗೂ ಬೈಯಲ್ಲ ಅಂತ ಹೇಳಬೇಕು, ಮಗೂಗೂ ಹೇಳಬೇಕು. ಇದನ್ನ ಕಂಬಕ್ಕೆ ಕಟ್ಟಿದ ಡಬ್ಬ ಮಾಡುತ್ತಾ? ಯಾವ ಮುಠ್ಠಾಳ ಹೇಳಿದ್ದು?" ಅವರು ಉಸಿರು ಎಳೆದುಕೊಂಡರು. ದನಿ ಇಳಿಯಿತು. "ಸಾಯಂಕಾಲ ಕೊನೇ ಸುತ್ತು ಹೋಗಿ, ಇವತ್ತು ಇನ್ನೇನೂ ಇಲ್ಲ ಅಂತ ಹೇಳಬೇಕು. ಆಗ ಕೋಟೆಬೀದಿ ಕೊನೇ ಮನೇಲಿ ಕಾಳಮ್ಮ ಬಾಗಿಲಿಗೆ ಬಂದು, ಸರಿ ಕಣಪ್ಪಾ, ಹೋಗಿ ಉಣ್ಣು, ಅಂತಾರೆ. ನಂಗೆ ಇಷ್ಟು ವರ್ಷದಲ್ಲಿ ಯಾರೂ ಹಂಗೆ ಅಂದಿರಲಿಲ್ಲಮ್ಮ. ಅದನ್ನ ಕೇಳಿಸ್ಕೊಂಡು ಮನೆಗೆ ಹೋಗ್ಬೇಕು. ಅಲ್ಲಿಗೆ ಮುಗೀತು."

ಕಾಳಮ್ಮನ ಆ ಮಾತನ್ನು ಹೊಂಬಾಳಮ್ಮ ದಿನಾ ಸಾಯಂಕಾಲ ಕೇಳಿದ್ದಳು. ಅದು ಕೆಲಸದ ಭಾಗವಲ್ಲ, ಕೆಲಸಕ್ಕೆ ಸಿಕ್ಕ ಕೂಲಿ, ಹಾಗಾಗಿ ಸಿಟ್ಟಿನಲ್ಲಿ ಕೆಲಸವಷ್ಟನ್ನೂ ಸಾರಿದಾಗಲೂ ಅದೊಂದನ್ನು ಯಾರಿಗೂ ಹೇಳಿರಲಿಲ್ಲ. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಗೆದ್ದೆನೆಂಬ ಹಟವೆಲ್ಲ ಅವಳಿಂದ ಇಳಿದುಹೋಯಿತು. ಅವರು ಮುದುಕಿಯ ಮಾತು ಹೇಳುತ್ತಾ ಅಳುತ್ತಿದ್ದರು, ಇವಳೂ ಅಳುತ್ತಿದ್ದಳು. ಆಮೇಲೆ ಅವಳು ಅಂದದ್ದನ್ನು ಉಪಾಯ ಮಾಡಿ ಅಂದಳೆಂದು ಊರು ಈಗಲೂ ಹೇಳುತ್ತದೆ. ಹತ್ತಿರವೇ ನಿಂತಿದ್ದ ನನಗೆ ಗೊತ್ತು, ಅದು ಅಜ್ಜಿಯ ಮಗ್ಗುಲಲ್ಲಿ ಮಲಗಿದ ಹುಡುಗಿಗೆ ಬರುತ್ತಿದ್ದಂತೆ ತಾನಾಗಿ ಬಂತು.

"ಹೂಂ" ಅಂದಳು ಹೊಂಬಾಳಮ್ಮ.

ತೋಂಟಾರಾಧ್ಯರ ಕೈ ಮೈಕಿನಿಂದ ಮೆಲ್ಲಗೆ ಸಡಿಲವಾಯಿತು. ಮೈಕು ಹೋಗಿ ಅಧ್ಯಕ್ಷಗಿರಿ ವಾಪಸ್ಸು ಬಂದಿತ್ತು. ಆಮೇಲೆ ಶಲ್ಯದಿಂದ ಮುಖ ಒರೆಸಿಕೊಂಡು, ಇಳಿದು, ಅವಳಿಗೆ ಹತ್ತಲು ಜಾಗ ಬಿಟ್ಟರು. "ಆಗಾಗ ಹಿಂದೆ ಕೂತ್ಕೊಂಡು ಬರ್ಲಾ?" ಎಂದರು. "ಬನ್ನಿ, ಬಾಯಿಗೆ ಏನಾದ್ರೂ ಹಾಕ್ಕೊಂಡು ಬನ್ನಿ" ಎಂದಳು.

ಅವಳು ಹತ್ತಿ ಕೂತು, ಮಫ್ಲರ್ ಸರಿಮಾಡಿಕೊಂಡು, ಮೈಕು ಬಾಯಿಯ ಹತ್ತಿರ ತಂದಳು. ಬೀದಿಯ ತುಂಬ ನಾವೆಲ್ಲ ಇನ್ನೂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೇ ನಿಂತಿದ್ದೆವು, ತೆಗೆದರೆ ಏನು ಗಂಡಾಂತರವೋ ಎಂಬ ಭಯದಲ್ಲಿ. ಅವಳು ನಮ್ಮನ್ನೆಲ್ಲ ಒಮ್ಮೆ ನೋಡಿದಳು. ಆ ಹಳೆಯ ದನಿ, ನಾಯಿಗಳನ್ನು ಸುಮ್ಮನಾಗಿಸಿದ್ದ ದನಿ, ಮತ್ತೆ ಬಂತು.

"ಮಹಾಜನಗಳೇ, ಇನ್ನು ಬಾಯಿಂದ ಕೈ ತೆಗೀಬಹುದು."

ಊರಿಗೆ ಊರೇ ಕೈ ತೆಗೆದು ಹೂಂ ಅಂದಿತು. ಯಾರ ಕೆಲಸವೂ ಎಲ್ಲಿಗೂ ಹೋಗಲಿಲ್ಲ.